ಗಾಳಿಯಂತ್ರದವನಿಗೆ ಹೆಣ್ಣು ಕೊಡುವುದಿಲ್ಲ

ನನ್ನ ಮದುವೆಗೆ ಅಡ್ಡ ಬಂದದ್ದು ಜಾತಕವಲ್ಲ, ಹುಡುಗನ ಸಂಬಳವೂ ಅಲ್ಲ. ವೋಲ್ಟೇಜ್ ಕುಸಿದಾಗ ಗಾಳಿಯಂತ್ರಗಳು ಗ್ರಿಡ್ಡನ್ನು ಬಿಟ್ಟು ಓಡಿಹೋಗುತ್ತವೆ ಎನ್ನುವ ಕಾರಣಕ್ಕೆ ಅದು ನಿಂತಿತ್ತು. ಹೇಳಿದರೆ ಯಾರೂ ನಂಬುವುದಿಲ್ಲ. ನಂಬದವರು ನಮ್ಮಪ್ಪನನ್ನು ನೋಡಿಲ್ಲ, ಅಷ್ಟೆ.

ಅಪ್ಪ ಊರಾಚೆಯ ಒಂದು ದೊಡ್ಡ ವಿದ್ಯುತ್ ರಿಸೀವಿಂಗ್ ಸ್ಟೇಷನ್ನಿನಲ್ಲಿ ರಿಲೇಗಳನ್ನು ಪರೀಕ್ಷಿಸುವ ಎಂಜಿನಿಯರ್ ಆಗಿದ್ದರು. ರಿಲೇ ಎಂದರೆ ಕರೆಂಟಿನ ಕಾವಲುಗಾರ. ಎಲ್ಲೋ ತಂತಿಯ ಮೇಲೆ ಮರ ಬಿತ್ತು, ಸಿಡಿಲು ಹೊಡೆಯಿತು ಎನ್ನಿ. ಅದಕ್ಕೆ ಫಾಲ್ಟ್ ಎನ್ನುತ್ತಾರೆ. ತಕ್ಷಣ ಸುತ್ತಮುತ್ತಲ ವೋಲ್ಟೇಜ್ ಪಾತಾಳಕ್ಕೆ ಇಳಿಯುತ್ತದೆ. ರಿಲೇ ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಗುರುತಿಸಿ ಬ್ರೇಕರಿಗೆ ಹೇಳುತ್ತದೆ, ಬ್ರೇಕರ್ ಕೆಟ್ಟ ತಂತಿಯನ್ನು ಬೇರ್ಪಡಿಸುತ್ತದೆ, ವೋಲ್ಟೇಜ್ ಮತ್ತೆ ಮೇಲೇಳುತ್ತದೆ. ಊರಿನವರಿಗೆ ದೀಪ ಒಮ್ಮೆ ಮಂಕಾಗಿ ಬೆಳಗಿದ್ದಷ್ಟೇ ಗೊತ್ತು. ನಮ್ಮಪ್ಪ ತಮ್ಮ ಇಡೀ ನೌಕರಿಯನ್ನು ಆ ಮಂಕಿನೊಳಗೇ ಮಾಡಿದವರು.

ಇಂಥ ಮನುಷ್ಯ ಮನೆಗೆ ಬಂದ ಮೇಲಾದರೂ ಸುಮ್ಮನಿರಬೇಕಲ್ಲ? ಇಲ್ಲ. ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿದ್ದ ನಮ್ಮ ಮನೆಯೂ ಅವರಿಗೊಂದು ಸಣ್ಣ ಸ್ಟೇಷನ್. ಗ್ರಿಡ್ಡಿನಲ್ಲಿ ಒಂದು ಪದ್ಧತಿ ಇದೆ. ಫಾಲ್ಟಿಗೆ ಹತ್ತಿರವಿರುವ ರಿಲೇ ಮೊದಲು ಕೆಲಸ ಮಾಡಬೇಕು. ಹಿಂದಿನದು ಕಾಯಬೇಕು. ಮುಂದಿನದು ಕೈಕೊಟ್ಟರೆ ಮಾತ್ರ ಹಿಂದಿನದು ಏಳಬೇಕು. ಮೊದಲನೆಯದು ಮೇನ್, ಎರಡನೆಯದು ಬ್ಯಾಕಪ್. ನಾನು ಚಿಕ್ಕವಳಿದ್ದಾಗಲೇ ಅಮ್ಮ ತೀರಿಕೊಂಡರು. ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಒಂದು ಟ್ರಂಕು ಹಿಡಿದು ನಮ್ಮನ್ನು ನೋಡಿಕೊಳ್ಳಲು ಬಂದವರು ಮತ್ತೆ ವಾಪಸು ಹೋಗಲೇ ಇಲ್ಲ. ಬಂದ ಮೊದಲ ವಾರವೇ ಅಪ್ಪ ಮನೆಗೂ ಆ ಪದ್ಧತಿಯನ್ನು ತಂದರು. ನಾನು ಬಿದ್ದು ಅತ್ತರೆ ಓಡಿ ಬರಬೇಕಾದವರು ಅತ್ತೆ. ಅಪ್ಪ ಕುರ್ಚಿಯಲ್ಲಿ ಕೂತೇ ತುಟಿಯಾಡಿಸುತ್ತಾ ಒಂದು, ಎರಡು, ಮೂರು ಎಣಿಸುತ್ತಾರೆ. ಅಷ್ಟರಲ್ಲಿ ಅತ್ತೆ ಬಾರದಿದ್ದರೆ ಮಾತ್ರ ಅವರು ಏಳುತ್ತಾರೆ.

"ಇಬ್ರೂ ಒಟ್ಟಿಗೆ ಓಡಿದ್ರೆ ಬಾಗಿಲಲ್ಲೇ ಡಿಕ್ಕಿ ಹೊಡ್ಕೋತೀವಿ ಅಕ್ಕ. ನೀನು ಮೇನು, ನಾನು ಬ್ಯಾಕಪ್ಪು," ಎಂದಿದ್ದರಂತೆ.

ಅತ್ತೆ ಯಾವತ್ತೂ ತಡಮಾಡಲಿಲ್ಲ. ನನಗೆ ಸೀತಾಳೆ ಸಿಡುಬು ಆದಾಗ, ದೊಡ್ಡವಳಾದಾಗ, ಪಿಯುಸಿಯಲ್ಲಿ ಫಿಸಿಕ್ಸ್ ಹೋಗಿ ನಾನು ಬಚ್ಚಲಮನೆಯಲ್ಲಿ ಚಿಲಕ ಹಾಕಿಕೊಂಡು ಕೂತಾಗ, ಅಪ್ಪ ಮೂರು ಎಣಿಸುವ ಮೊದಲೇ ಅತ್ತೆ ಬಂದಿರುತ್ತಿದ್ದರು. ಹೀಗಾಗಿ ನಾನು ಬೆಳೆದು ಕೆಲಸಕ್ಕೆ ಸೇರುವವರೆಗೆ ಅಪ್ಪ ಒಂದೇ ಒಂದು ಸಲವೂ ಆ ಕುರ್ಚಿಯಿಂದ ಎದ್ದವರಲ್ಲ. "ಬ್ಯಾಕಪ್ ಕೆಲಸ ಮಾಡ್ಲಿಲ್ಲ ಅಂದ್ರೆ ಎಲ್ಲ ಸರಿಯಾಗಿದೆ ಅಂತ ಅರ್ಥ ಕಣಮ್ಮ," ಎನ್ನುತ್ತಿದ್ದರು. ಸ್ಟೇಷನ್ನಿನ ಬ್ಯಾಕಪ್ ರಿಲೇಗಳನ್ನು ಇವರು ಪ್ರತಿವರ್ಷ ಪರೀಕ್ಷಿಸುತ್ತಿದ್ದರು. ಇವರನ್ನು ಮಾತ್ರ ಯಾರೂ ಪರೀಕ್ಷಿಸಿರಲಿಲ್ಲ.

ನಾನು ಶಿವಾಜಿನಗರದ ಹತ್ತಿರದ ಒಂದು ವಿಮಾ ಕಚೇರಿಯಲ್ಲಿ ಕ್ಲೈಮು ವಿಭಾಗ ಸೇರಿದೆ. ಎರಡು ಸಾವಿರದ ನಂತರದ ವರ್ಷಗಳು. ಚಿತ್ರದುರ್ಗದ ಕಡೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ಎದ್ದು ನಿಲ್ಲುತ್ತಿದ್ದವು. ಎದ್ದು ನಿಂತದ್ದು ಕೆಡಲೇಬೇಕು, ಕೆಟ್ಟದ್ದು ನನ್ನ ಟೇಬಲ್ಲಿಗೆ ಬರಲೇಬೇಕು. ಒಂದು ದಿನ ದೊಮ್ಮಲೂರಿನಲ್ಲಿ ಆಫೀಸಿದ್ದ ಗಾಳಿಯಂತ್ರದ ಕಂಪನಿಯೊಂದರ ಸರ್ವಿಸ್ ಎಂಜಿನಿಯರ್ ಒಡೆದ ಗೇರ್‌ಬಾಕ್ಸಿನ ಫೋಟೋ ಹಿಡಿದು ನನ್ನೆದುರು ಕೂತ. ಬಿಸಿಲಿಗೆ ಮುಖ ಕಂದಿತ್ತು, ಮೀಸೆ ಒಂದು ಕಡೆ ಸ್ವಲ್ಪ ಇಳಿದಿತ್ತು.

"ಪದೇ ಪದೇ ಟ್ರಿಪ್ ಆಗಿ ಹೋಗಿದೆ ಅಲ್ವಾ? ಅಂಡರ್‌ವೋಲ್ಟೇಜ್ ಸೆಟ್ಟಿಂಗ್ ಎಷ್ಟಿಟ್ಟಿದ್ರಿ? ವೋಲ್ಟೇಜ್ ಎಷ್ಟಕ್ಕಿಳಿದ್ರೆ ಬಿಡ್ತಿತ್ತು?" ಎಂದು ಕೇಳಿದೆ.

ಅವನು ಫೋಟೋ ಕೆಳಗಿಟ್ಟ. "ಮೇಡಂ, ಇದನ್ನ ಇನ್ಶೂರೆನ್ಸ್‌ನವರು ಯಾರೂ ಕೇಳಲ್ಲ. ನಿಮಗೆ ಹೇಗೆ ಗೊತ್ತು?"

"ನಮ್ಮಪ್ಪ ರಿಲೇ," ಎಂದೆ.

"ರಿಲೇ ಡಿಪಾರ್ಟ್‌ಮೆಂಟಾ?"

"ಇಲ್ಲ, ರಿಲೇನೇ. ನೀವು ನೋಡ್ಬೇಕು."

ಅವನು ನಕ್ಕ. ಕ್ಲೈಮು ತಿರಸ್ಕೃತವಾಯಿತು. ಅದನ್ನು ತಿಳಿಸಲು ನಾನೇ ಫೋನ್ ಮಾಡಿದೆ. ಆಮೇಲೆ ಪುಲಿಕೇಶಿನಗರದ ಒಂದು ಬೇಕರಿಯಲ್ಲಿ ಟೀ, ಬನ್ನು, ಇನ್ನೊಂದು ಟೀ. ಪ್ರೀತಿಯ ಮಾತು ಶುರುವಾಗುವ ಮೊದಲು ನಾವು ಸುಮಾರು ದಿನ ಗೇರ್‌ಬಾಕ್ಸಿನ ಬಗ್ಗೆಯೇ ಮಾತಾಡಿದೆವು. ನನಗೆ ಅದರಿಂದ ಬೇಜಾರೇನೂ ಆಗಲಿಲ್ಲ.

ಮನೆಯಲ್ಲಿ ಹೇಳಿದೆ. ಅಪ್ಪ ಅಷ್ಟರಲ್ಲಿ ನಿವೃತ್ತರಾಗಿದ್ದರು. ಪೇಪರ್ ಮಡಿಸಿ ಕೇಳಿದ ಮೊದಲ ಪ್ರಶ್ನೆ, "ಎಲ್ಲಿ ಕೆಲಸ?"

"ಗಾಳಿಯಂತ್ರದ ಕಂಪನಿ ಅಪ್ಪ."

"ಆಗಲ್ಲ."

"ಯಾಕೆ?"

"ಬಿಟ್ಟೋಗೋ ಜಾತಿ ಅದು. ನಮ್ಮ ಲೈನಲ್ಲಿ ಎಲ್ಲೋ ಒಂದು ಕೊಂಬೆ ತಾಕುತ್ತೆ, ವೋಲ್ಟೇಜು ಒಂದು ಕ್ಷಣ ಬೀಳುತ್ತೆ. ನಾವು ಬ್ರೇಕರ್ ತೆಗೆದು ಸರಿ ಮಾಡೋದ್ರೊಳಗೆ ಈ ಮಹಾನುಭಾವರು ಗುಡ್ಡದ ತುಂಬ ಒಟ್ಟಿಗೇ ಕೈ ಬಿಟ್ಟು ಹೋಗಿರ್ತಾರೆ. ಫಾಲ್ಟಿಂದ ಸಾಯದ ಗ್ರಿಡ್ಡು ಇವರು ಬಿಟ್ಟೋಗಿದ್ದಕ್ಕೆ ಸಾಯುತ್ತೆ. ಕಷ್ಟದಲ್ಲಿ ಜೊತೆಗೆ ನಿಲ್ಲದೋರ ಮನೆಗೆ ನಾನು ಹೆಣ್ಣು ಕೊಡಲ್ಲ."

"ಅಪ್ಪ, ಅದು ಯಂತ್ರ. ಇವನು ಹುಡುಗ!"

"ಸರ್ವಿಸ್ ಮಾಡೋನು ಯಾರು? ಸೆಟ್ಟಿಂಗ್ ಇಡೋನು ಯಾರು?"

ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಅತ್ತೆ ಅಷ್ಟು ಹೊತ್ತೂ ಅವರೆಕಾಯಿ ಬಿಡಿಸುತ್ತಾ ಕೂತಿದ್ದವರು ಒಂದೇ ಒಂದು ಮಾತು ಕೇಳಿದರು. "ಮನೆ ಎಲ್ಲೇ?"

"ಮರ್ಫಿ ಟೌನು."

"ಯಾವ ದೇವರ ಒಕ್ಕಲಂತೆ?"

ಅವನ ಮನೆಯ ಗೋಡೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ನೀಲಿ ಸೂಟಿನವರ ಪಟ ಇದ್ದದ್ದನ್ನು ನಾನು ನೋಡಿಬಂದಿದ್ದೆ. ಮುಚ್ಚಿಡುವಂಥದ್ದು ಏನಿದೆ? "ಬುದ್ಧ," ಎಂದೆ. ಅತ್ತೆ ಸಿಪ್ಪೆಯನ್ನೆಲ್ಲ ಪೇಪರಿಗೆ ಬಳಿದುಕೊಂಡು ಎದ್ದು ಒಳಗೆ ಹೋದರು.

ನಾನು ವಾರಗಟ್ಟಲೆ ಮುಖ ಊದಿಸಿಕೊಂಡು ಓಡಾಡಿದ ಮೇಲೆ ಅಪ್ಪ ಒಂದು ಹಳೇ ತಾಂತ್ರಿಕ ಪತ್ರಿಕೆ ಹಿಡಿದು ಬಂದರು. ಹೊರದೇಶದಲ್ಲಿ ಹೊಸ ನಿಯಮ ಮಾಡಿದ್ದಾರಂತೆ, ವೋಲ್ಟೇಜ್ ಎಷ್ಟೇ ಬಿದ್ದರೂ ಗಾಳಿಯಂತ್ರ ಇಷ್ಟು ಹೊತ್ತು ತಡೆದುಕೊಂಡು ಗ್ರಿಡ್ಡಿನ ಜೊತೆಗೇ ಇರಬೇಕಂತೆ. ಎಷ್ಟು ಬಿದ್ದರೆ ಎಷ್ಟು ಹೊತ್ತು ಎಂಬುದಕ್ಕೆ ಒಂದು ಗೆರೆ. ಗೆರೆಯೊಳಗೆ ಬಿಟ್ಟುಹೋದರೆ ಫೇಲು. ಅಪ್ಪ ಆ ಗೆರೆಯನ್ನು ಗ್ರಾಫ್ ಕಾಗದದ ಮೇಲೆ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿದರು.

"ಭಾನುವಾರ ಕರ್ಕೊಂಡು ಬಾ. ಟೆಸ್ಟ್ ಮಾಡ್ತೀನಿ."

"ಏನನ್ನ?"

"ಹುಡುಗನ್ನ."

ನಾಚಿಕೆಯಿಂದ ಸಾಯುವಂತಾಯಿತು. ಬೇಕರಿಯಲ್ಲಿ ಕೂತು ತಡವರಿಸುತ್ತಾ ಹೇಳಿದೆ. ಅವನು ಸ್ವಲ್ಪ ಯೋಚಿಸಿ ಕೇಳಿದ್ದು ಇಷ್ಟೇ. "ಟೈಪ್ ಟೆಸ್ಟಾ, ರೊಟೀನ್ ಟೆಸ್ಟಾ?" ಹೊಸ ಮಾದರಿಗೆ ಒಮ್ಮೆ ಮಾಡುವುದು ಟೈಪು, ಪ್ರತಿ ಯಂತ್ರಕ್ಕೂ ಮಾಡುವುದು ರೊಟೀನು. ಆಗಲೇ ನನಗೆ ಗೊತ್ತಾಯಿತು, ಇವನು ನಮ್ಮ ಮನೆಗೆ ಹೇಳಿ ಮಾಡಿಸಿದವನು.

ಮೊದಲ ಭಾನುವಾರ ಅತ್ತೆ ಉಪ್ಪಿಟ್ಟು ಕೊಟ್ಟರು. ಅವನು ಮೊದಲ ತುತ್ತು ಬಾಯಿಗಿಟ್ಟನೋ ಇಲ್ಲವೋ, ಅಪ್ಪ ಅಂಗೈಯಲ್ಲಿ ಬಚ್ಚಿಟ್ಟ ಸ್ಟಾಪ್‌ವಾಚ್ ಒತ್ತಿ, "ಅಂದಹಾಗೆ, ಇವಳಿಗೆ ಬೇರೆ ಕಡೆ ಗೊತ್ತಾಗಿದೆ," ಎಂದರು. ಉಪ್ಪಿಟ್ಟು ಅವನ ಮೂಗಿಗೆ ಹತ್ತಿತು. ಕೆಮ್ಮಿದ, ಕಣ್ಣಲ್ಲಿ ನೀರು ಬಂತು, ನೀರು ಕುಡಿದ. ಆಮೇಲೆ ಕೇಳಿದ, "ಹೌದಾ ಸಾರ್? ಮದುವೆ ಯಾವಾಗ? ಗಾಳಿ ಸೀಸನ್ನಲ್ಲಾದ್ರೆ ನನಗೆ ರಜಾ ಸಿಗಲ್ಲ."

ಅಪ್ಪ ವಾಚು ನಿಲ್ಲಿಸಿದರು. "ಓಲಾಟ ಜಾಸ್ತಿ ಇದೆ," ಎಂದರು. "ಆದ್ರೆ ತಾನಾಗೇ ಇಳೀತು. ಪರವಾಗಿಲ್ಲ."

ಎರಡನೆಯ ಸಲ ಊಟದ ಹೊತ್ತು ಪೂರ್ತಿ ಗಾಳಿಯಂತ್ರಗಳನ್ನು ಬೈದರು. ಅದು ದೀರ್ಘಕಾಲದ ಲೋ ವೋಲ್ಟೇಜ್ ಪರೀಕ್ಷೆಯಂತೆ. ಅವನು ಎಲ್ಲಕ್ಕೂ ತಲೆಯಾಡಿಸಿ, ಎರಡು ಕಡೆ ಅಪ್ಪನ ಲೆಕ್ಕ ತಿದ್ದಿದ. ಮೂರನೆಯ ಸಲ ಅಪ್ಪ ಮುಂಚೆಯೇ ನನ್ನ ಕಿವಿಯಲ್ಲಿ, "ಸಿಂಗಲ್ ಫೇಸಿಗೆಲ್ಲ ಇವನು ಜಗ್ಗಲ್ಲ, ಮೂರೂ ಫೇಸು ಒಟ್ಟಿಗೆ ಹಾಕ್ಬೇಕು," ಎಂದಿದ್ದರು. ಅವನು ಚಪ್ಪಲಿ ಬಿಡುತ್ತಿದ್ದ ಹಾಗೇ ಒಂದೇ ಉಸಿರಿಗೆ, "ನಿಮ್ಮ ಕಂಪನಿ ಮುಚ್ತಾರಂತೆ, ನಿಮ್ಮ ಬೈಕನ್ನ ಟ್ರಾಫಿಕ್‌ನೋರು ಎತ್ಕೊಂಡು ಹೋಗ್ತಿದಾರೆ, ನಿಮ್ಮ ಮೀಸೆ ಸೊಟ್ಟಗಿದೆ," ಎಂದರು. ಕಂಪನಿಗೂ ಬೈಕಿಗೂ ಅಲುಗಾಡದವನು ಮೀಸೆ ಮುಟ್ಟಿ ನೋಡಿಕೊಂಡ.

"ಎರಡು ಫೇಸ್ ಗಟ್ಟಿ ಇದೆ. ಮೂರನೇದು ವೀಕು," ಎಂದು ಅಪ್ಪ ತೀರ್ಪು ಕೊಟ್ಟರು.

ಹೀಗೆ ಮಳೆಗಾಲ ಕಳೆಯಿತು, ದಸರೆ ಹೋಯಿತು. ಪ್ರತಿ ಸಲವೂ ಅವನು ಪಾಸು, ಪ್ರತಿ ಸಲವೂ ಅಪ್ಪ, "ಇನ್ನೊಂದು ಟೆಸ್ಟು ಬಾಕಿ ಇದೆ." ಇಬ್ಬರೂ ಟೀಪಾಯಿ ಮೇಲೆ ತಲೆಗೆ ತಲೆ ಹಚ್ಚಿ ಗ್ರಾಫ್ ಬರೆಯುವುದನ್ನು ನೋಡಿದರೆ, ಮದುವೆ ಆಗಬೇಕಾದವರು ಇವರಿಬ್ಬರೇ ಏನೋ ಅನ್ನಿಸುತ್ತಿತ್ತು.

ಇನ್ನು ಲೋಟದ ವಿಷಯ. ಪ್ರತಿ ಪರೀಕ್ಷೆ ಮುಗಿದ ಮೇಲೆ ಅತ್ತೆ ತಟ್ಟೆಯಲ್ಲಿ ಕಾಫಿ ತರುತ್ತಿದ್ದರು. ನಮಗೆಲ್ಲ ಸ್ಟೀಲಿನ ಲೋಟ. ಅವನಿಗೆ ಒಂದು ಗಾಜಿನ ಲೋಟ. ಅದು ನಮ್ಮ ಅಡುಗೆಮನೆಯ ಲೋಟವಲ್ಲ. ಹಿತ್ತಲ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಬೋರಲು ಹಾಕಿರುತ್ತಿದ್ದದ್ದು. ಕಸದವಳಿಗೆ, ಮೋರಿ ತೆಗೆಯುವವನಿಗೆ ಅದರಲ್ಲೇ ಕೊಡುತ್ತಿದ್ದದ್ದು. ಕಾಫಿಗೆ ಕಡಿಮೆ ಮಾಡುತ್ತಿರಲಿಲ್ಲ. ಜೊತೆಗೆ ಕೋಡುಬಳೆಯೂ ಇರುತ್ತಿತ್ತು. "ತೊಗೊಳಪ್ಪ, ಬಿಸಿ ಇದೆ," ಎಂದು ನಯವಾಗಿಯೇ ಹೇಳುತ್ತಿದ್ದರು.

ಮೊದಲ ದಿನವೇ ನನ್ನ ಮೈಯೆಲ್ಲ ಉರಿಯಿತು. ಅಡುಗೆಮನೆಗೆ ನುಗ್ಗಿ ಕೇಳಿದೆ, "ಅತ್ತೆ, ಆ ಲೋಟ ಯಾಕೆ ಕೊಟ್ಟೆ?"

"ಯಾಕೇ, ಗಾಜಲ್ಲಿ ಕಾಫಿ ಚೆನ್ನಾಗಿರುತ್ತೆ."

"ಹಾಗಾದ್ರೆ ನೀನೂ ಅದ್ರಲ್ಲೇ ಕುಡಿ."

"ನನಗೆ ಸ್ಟೀಲೇ ಅಭ್ಯಾಸ ಕಣೇ," ಎಂದು ಒಲೆ ಒರೆಸತೊಡಗಿದರು. ಕೂಗಾಟ ಇಲ್ಲ, ಶಾಪ ಇಲ್ಲ, ಏನೂ ಇಲ್ಲ. ಜಗಳಕ್ಕೆ ಕೈಗೆ ಸಿಗುವಂಥದ್ದು ಏನೂ ಇಲ್ಲ. ಮುಂದಿನ ವಾರ ನಾನೇ ಕಾಫಿ ಬೆರೆಸಲು ಹೋದರೆ ಅವರು ಅಷ್ಟರಲ್ಲಿ ಬೆರೆಸಿ ಮುಗಿಸಿದ್ದರು. ಆ ಲೋಟವನ್ನು ಬೇಕೆಂದೇ ಒಡೆದೆ. ಮಾರನೆಯ ದಿನ ಕಟ್ಟೆಯ ಮೇಲೆ ಅಂಥದೇ ಇನ್ನೊಂದು ಬಂದು ಕೂತಿತ್ತು. ನನ್ನನ್ನು ಎತ್ತಿ ಆಡಿಸಿದ ಕೈ ಅದು, ನನಗೆ ಜಡೆ ಹೆಣೆದ ಕೈ. ಅದರ ಮೇಲೆ ಇಷ್ಟು ಸಿಟ್ಟು ಬಂದಾಗ ಅಳುವೂ ಬರುತ್ತಿತ್ತು.

ಅಪ್ಪನಿಗೆ ಹೇಳಿದೆ. ಅವರು ಗ್ರಾಫಿನಿಂದ ತಲೆಯೆತ್ತದೆ, "ಲೋಟ ಗೀಟ ಎಲ್ಲ ನೀವು ಹೆಂಗಸ್ರು ನೋಡ್ಕೊಳ್ಳಿ. ನನಗೆ ರೀಡಿಂಗ್ ಬೇಕು," ಎಂದರು.

ಅವರೇ ನನಗೆ ಒಂದು ಕಾಲದಲ್ಲಿ ಹೇಳಿಕೊಟ್ಟಿದ್ದರು. ಎಲ್ಲ ಫಾಲ್ಟೂ ಢಂ ಎನ್ನುವುದಿಲ್ಲ. ಕೆಲವು ಸಲ ತಂತಿ ಹರಿದು ಒಣನೆಲದ ಮೇಲೆ ಸದ್ದಿಲ್ಲದೆ ಬೀಳುತ್ತದೆ. ನೆಲಕ್ಕೆ ಹರಿಯುವ ಕರೆಂಟು ಎಷ್ಟು ಕಡಿಮೆ ಎಂದರೆ, ರಿಲೇ ಅದನ್ನು ಯಾವುದೋ ಮನೆಯ ಇಸ್ತ್ರಿಪೆಟ್ಟಿಗೆ ಎಂದುಕೊಂಡು ಸುಮ್ಮನಿರುತ್ತದೆ. ತಂತಿ ಜೀವಂತವಾಗಿ ಬಿದ್ದಿರುತ್ತದೆ, ದಾಟಿದ ಹಸು ಸಾಯುತ್ತದೆ. "ಅದೇ ಎಲ್ಲಕ್ಕಿಂತ ಕೆಟ್ಟ ಫಾಲ್ಟು," ಎಂದಿದ್ದರು. ತಮ್ಮ ನಡುಮನೆಯಲ್ಲಿ ವಾರ ವಾರ ಅದು ತಟ್ಟೆಯಲ್ಲಿ ಬಂದರೂ ಇವರ ರಿಲೇ ಅಲುಗಾಡಲಿಲ್ಲ.

ಸಂಕ್ರಾಂತಿ ಹತ್ತಿರ ಬಂದಾಗ ಅವನು ಕೆರೆ ಏರಿಯ ಬೆಂಚಿನ ಮೇಲೆ ಕೂತು ಹೇಳಿದ. "ಚಿತ್ರದುರ್ಗಕ್ಕೆ ಹಾಕಿದಾರೆ. ಗುಡ್ಡದ ಮೇಲೇ ಕ್ವಾರ್ಟರ್ಸು. ಹೋಗ್ತೀನಿ ಅಂದ್ಬಿಟ್ಟೆ."

"ಮತ್ತೆ ನಾನು?"

"ಈ ಭಾನುವಾರ ಬರ್ತೀನಿ. ಇದೇ ಕೊನೇದು." ಅವನು ನೀರನ್ನೇ ನೋಡುತ್ತಿದ್ದ. "ನಿಮ್ಮಪ್ಪ ಏನಂದ್ರೂ ತಡ್ಕೋತೀನಿ ಮಾರಾಯ್ತಿ, ಅದು ತಮಾಷೆ, ನನಗೂ ಖುಷಿನೇ. ಆ ಲೋಟ ಇದ್ಯಲ್ಲ... ನಮ್ಮಜ್ಜಿ ಇದೇ ಹಲಸೂರಲ್ಲಿ ಮನೆ ಮನೆ ಹಿತ್ತಲಲ್ಲಿ ಅಂಥ ಲೋಟದಲ್ಲೇ ಕುಡಿದು ನಮ್ಮನ್ನ ಓದಿಸಿದ್ದು. ನಾನೂ ಅದನ್ನೇ ಹಿಡ್ಕೊಂಡು ಕೂತಿದೀನಿ ಅಂತ ಗೊತ್ತಾದ್ರೆ ಅವಳು ಎದ್ದು ಬಂದು ಹೊಡೀತಾಳೆ. ಆ ಗ್ರಾಫಲ್ಲೂ ಒಂದು ಗೆರೆ ಇದೆ. ಗೆರೆ ದಾಟಿದ್ಮೇಲೆ ಯಂತ್ರ ಬಿಟ್ಟೋದ್ರೆ ಅದು ತಪ್ಪಲ್ಲ."

ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಭಾನುವಾರ ಬೆಳಗ್ಗೆ ಅಪ್ಪ ಷೇವ್ ಮಾಡಿಕೊಳ್ಳುತ್ತಿದ್ದಾಗ ಕನ್ನಡಿಗೆ ಅಡ್ಡ ನಿಂತೆ. "ಅಪ್ಪ, ಫಾಲ್ಟ್ ಆದಾಗ ಒಂದು ಯಂತ್ರ ನಿಲ್ಲುತ್ತೋ ಓಡಿಹೋಗುತ್ತೋ ಅನ್ನೋದು ಯಾವುದರ ಮೇಲಿದೆ?"

"ಯಂತ್ರದ ಯೋಗ್ಯತೆ ಮೇಲೆ."

"ಸುಳ್ಳು. ನೀನೇ ಹೇಳಿಕೊಟ್ಟಿದ್ದು. ಫಾಲ್ಟನ್ನ ಎಷ್ಟು ಬೇಗ ತೆಗೀತಾರೆ ಅನ್ನೋದರ ಮೇಲಿದೆ. ಗಾಳಿ ತಳ್ತಾನೇ ಇರುತ್ತೆ, ಕರೆಂಟು ಹೋಗೋಕೆ ದಾರಿ ಇರಲ್ಲ, ರೆಕ್ಕೆ ಜೋರಾಗ್ತಾ ಹೋಗುತ್ತೆ. ಬೇಗ ತೆಗೆದ್ರೆ ಯಂತ್ರ ತಾನಾಗೇ ಸರಿಹೋಗುತ್ತೆ. ತಡ ಮಾಡಿದ್ರೆ ಪ್ರಪಂಚದ ಯಾವ ಯಂತ್ರಾನೂ ನಿಲ್ಲಲ್ಲ. ರಿಪೋರ್ಟಲ್ಲಿ ಮಾತ್ರ ಯಂತ್ರ ಓಡಿಹೋಯ್ತು ಅಂತ ಬರೀತೀರ. ತಡ ಮಾಡಿದ್ದು ಯಾರು? ಮಳೆಗಾಲದಿಂದ ಆ ಹುಡುಗನ್ನ ಟೆಸ್ಟ್ ಮಾಡ್ತಿದೀಯಲ್ಲ, ನಿನ್ನ ಬ್ರೇಕರ್ ಎಲ್ಲಿದೆ ಅಪ್ಪ? ಇವತ್ತು ಅವನು ಹೋದ್ರೆ ಹೋದ. ನಾನು ಆಮೇಲೆ ಯಾರನ್ನೂ ಮಾಡ್ಕೊಳ್ಳಲ್ಲ."

ಅಪ್ಪ ಅರ್ಧ ಕೆನ್ನೆಯ ನೊರೆ ಒಣಗುವವರೆಗೂ ಹಾಗೇ ನಿಂತಿದ್ದರು. ಇನ್ನರ್ಧ ಷೇವ್ ಮಾಡುವುದನ್ನು ಅವತ್ತು ಮರೆತೇಬಿಟ್ಟರು.

ಅವನು ಸಂಜೆ ಬಂದ. ಒಂದು ಕೆನ್ನೆ ಬಿಳಿಕುರುಚಲು, ಇನ್ನೊಂದು ನುಣ್ಣಗೆ ಇದ್ದ ಅಪ್ಪನನ್ನು ನೋಡಿ ಇದೂ ಪರೀಕ್ಷೆಯ ಭಾಗ ಎಂದುಕೊಂಡನೋ ಏನೋ, ಮುಖದಲ್ಲಿ ಏನೂ ತೋರಿಸಲಿಲ್ಲ. ಅಪ್ಪ ಸ್ಟಾಪ್‌ವಾಚ್ ಹಿಡಿದು ಕುರ್ಚಿಯಲ್ಲಿ ಕೂತಿದ್ದರು, ಆದರೆ ಪ್ರಶ್ನೆ ಕೇಳಲಿಲ್ಲ, ಬೈಯಲಿಲ್ಲ. ಆಗ ಅತ್ತೆ ತಟ್ಟೆ ಹಿಡಿದು ಬಂದರು. ಮೂರು ಸ್ಟೀಲು, ಒಂದು ಗಾಜು. ಗಾಜಿನದನ್ನು ಟೀಪಾಯಿಯ ತುದಿಯಲ್ಲಿ ಅವನ ಕಡೆಗಿಟ್ಟು, "ತೊಗೊಳಪ್ಪ," ಎಂದರು.

ಅವನು ಕೈಚಾಚಲಿಲ್ಲ. ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡ. "ಇವತ್ತು ಬೇಡಮ್ಮ," ಎಂದ ಮೆಲ್ಲಗೆ.

"ಯಾಕಪ್ಪ?"

ಅವನು ಬಾಗಿಲ ಕಡೆ ನೋಡಿದ. ಇನ್ನೊಂದು ಗಳಿಗೆಯಲ್ಲಿ ಅವನು ಎದ್ದು ಚಪ್ಪಲಿ ಮೆಟ್ಟುತ್ತಾನೆ, ಮುಗಿಯಿತು. ಅಪ್ಪನ ಕಡೆ ನೋಡಿದೆ. ಅವರ ತುಟಿ ಅಲುಗುತ್ತಿತ್ತು. ಚಿಕ್ಕಂದಿನಲ್ಲಿ ನಾನು ಬಿದ್ದಾಗಲೆಲ್ಲ ನೋಡಿದ್ದ ತುಟಿ. ಒಂದು. ಎರಡು. ಮೂರು.

ಅಪ್ಪ ಕುರ್ಚಿಯಿಂದ ಎದ್ದರು.

ಮಂಡಿ ಲಟಕ್ಕೆಂದಿತು. ಗಾಜಿನ ಲೋಟವನ್ನೂ ತಟ್ಟೆಗೆ ಸೇರಿಸಿ ಎತ್ತಿಕೊಂಡು, ಅಮ್ಮ ಹೋದ ಮೇಲೆ ಒಂದು ದಿನವೂ ಕಾಲಿಡದ ಅಡುಗೆಮನೆಗೆ, ಅತ್ತೆಯ ಮಡಿಯ ಅಡುಗೆಮನೆಗೆ, ಸೀದಾ ನಡೆದರು. ಕಾಫಿಯನ್ನೆಲ್ಲ ಬಚ್ಚಲಿಗೆ ಸುರಿದರು. ನಾಲ್ಕು ಲೋಟವನ್ನೂ ಒಂದೇ ಬೋಗುಣಿಯಲ್ಲಿ ಹಾಕಿ ಗಲಗಲ ತೊಳೆಯತೊಡಗಿದರು.

"ಏನೋ ಮಾಡ್ತಿದೀಯ?" ಎಂದು ಅತ್ತೆ ಬಾಗಿಲಲ್ಲಿ ಚೀರಿದರು. ಅವರು ಚೀರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಟ್ರಿಪ್ ಮಾಡ್ತಿದೀನಿ ಅಕ್ಕ. ಇವತ್ತಿಂದ ಅಡುಗೆಮನೆ ನಂದು. ನೀನು ಸ್ವಲ್ಪ ದಿನ ಹೊರಗಿರು."

"ನಿನಗೇನು ಹುಚ್ಚೇ?"

"ಈ ಲೋಟ ನನಗೆ ಮೊದಲ್ನೇ ದಿನಾನೇ ಕಾಣಿಸ್ತು. ಕಾಣಿಸ್ಲಿಲ್ಲ ಅಂದ್ಕೊಂಡೆ. ನಿನ್ನ ವಿಷಯದಲ್ಲಿ ನನ್ನ ಸೆಟ್ಟಿಂಗೇ ಮೇಲಿಟ್ಬಿಟ್ಟಿದ್ದೆ, ಎಷ್ಟಾದ್ರೂ ಏಳದ ಹಾಗೆ."

"ನಿನ್ನ ಮಗಳನ್ನ ಸಾಕಿದ್ದು ನಾನು ಕಣೋ," ಎಂದರು ಅತ್ತೆ. ಅವರ ದನಿ ಒಡೆದಿತ್ತು.

"ಹೌದು ಅಕ್ಕ. ಅದಕ್ಕೇ ಇಷ್ಟು ತಡ ಆಯ್ತು."

ಅತ್ತೆ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಪ್ಪ ಬೋಗುಣಿಯ ಮುಂದೆ ನಿಂತೇ ಇದ್ದರು. ಆಮೇಲೆ ತಿರುಗಿ, ಮೀಸೆಯವನನ್ನು ಕರೆದು, "ಬನ್ನಿ ಇಲ್ಲಿ. ಕಾಫಿಪುಡಿ ಎಲ್ಲಿರುತ್ತೆ ಅಂತ ನಿಮಗೇನಾದ್ರೂ ಗೊತ್ತಾ?" ಎಂದು ಕೇಳಿದರು.

ಅಲ್ಲಿಂದ ಮುಂದೆ ನಡೆದದ್ದನ್ನು ಏನು ಹೇಳಲಿ ಕರ್ಮ! ಇಬ್ಬರು ಎಂಜಿನಿಯರುಗಳು ಅತ್ತೆಯ ಡಬ್ಬಿಗಳನ್ನೆಲ್ಲ ಇಳಿಸಿ ಮೂಸಿ ನೋಡಿದರು. ಅವನು ಸ್ಟೂಲು ಹತ್ತಿದ, ಅಪ್ಪ ಸ್ಟೂಲು ಹಿಡಿದರು. ಡಿಕಾಕ್ಷನ್ ಫಿಲ್ಟರನ್ನು ಬಿಚ್ಚಿ ಮತ್ತೆ ಜೋಡಿಸಲಾರದೆ, ಕೊನೆಗೆ ಕಾಫಿಪುಡಿಯನ್ನು ಹಾಲಿಗೇ ಹಾಕಿ ಕುದಿಸಿ ಕರವಸ್ತ್ರದಲ್ಲಿ ಸೋಸಿದರು. ನಾನು ಬೇಕೆಂದೇ ಸಹಾಯಕ್ಕೆ ಹೋಗಲಿಲ್ಲ, ಬಾಗಿಲಿಗೆ ಒರಗಿ ನಿಂತು ನಗುತ್ತಲೂ ಅಳುತ್ತಲೂ ನೋಡಿದೆ. ಸ್ಟೀಲ್ ಲೋಟದಲ್ಲಿ ಮೊದಲ ಕಾಫಿ ಅವನಿಗೆ. ಕುಡಿದು ಕಣ್ಣುಮುಚ್ಚಿದ.

"ಹೇಗಿದೆ?" ಎಂದರು ಅಪ್ಪ.

"ವೋಲ್ಟೇಜು ಸ್ವಲ್ಪ ಲೋ ಸಾರ್. ತಡ್ಕೋತೀನಿ."

"ಹಾಗಾದ್ರೆ ಪಾಸು," ಎಂದು ಅಪ್ಪ ಗೋಡೆಯ ಗ್ರಾಫನ್ನು ಕಿತ್ತು ಅವನ ಕೈಗೆ ಕೊಟ್ಟರು.

ಅವನು ಅದನ್ನು ಮಡಿಸಿ ಜೇಬಿಗಿಟ್ಟು, ಮುಚ್ಚಿದ ಬಾಗಿಲಿನ ಕಡೆ ನೋಡಿ ಕೇಳಿದ. "ಸಾರ್, ರಿಕ್ಲೋಸು?"

ಬಹುಪಾಲು ಫಾಲ್ಟುಗಳು ಬಂದು ಹೋಗುವಂಥವು. ಕೊಂಬೆ ತಾಕಿ ಬಿದ್ದುಹೋಗುತ್ತದೆ. ಆದ್ದರಿಂದ ತೆರೆದ ಬ್ರೇಕರನ್ನು ಸ್ವಲ್ಪ ಬಿಟ್ಟು ತಾನಾಗಿ ಮತ್ತೆ ಮುಚ್ಚುವಂತೆ ಇಟ್ಟಿರುತ್ತಾರೆ. ತಂತಿ ಸರಿಯಾಗಿದ್ದರೆ ನಿಲ್ಲುತ್ತದೆ. ಇಲ್ಲವಾದರೆ ಮತ್ತೆ ತೆರೆದುಕೊಂಡು ಬೀಗ ಬೀಳುತ್ತದೆ. ರಿಕ್ಲೋಸು ಎಂಬ ಈ ಪ್ರಯತ್ನ ಒಂದೇ ಸಲ, ಅದು ಸ್ಟೇಷನ್ನಿನಲ್ಲಿ ಅಪ್ಪನ ಕಟ್ಟುನಿಟ್ಟಿನ ನಿಯಮ. "ಆರ್ಕು ಆರಬೇಕು, ಕಿಡಿ ಇನ್ನೂ ಇದೆ. ಸ್ವಲ್ಪ ತಾಳಿ," ಎಂದರು. ಆಮೇಲೆ ಅದೇ ಕರವಸ್ತ್ರದ ಕಾಫಿಯನ್ನು ಅತ್ತೆಯ ಬಾಗಿಲ ಮುಂದಿಟ್ಟು ಮೆಲ್ಲಗೆ ಬಡಿದು ಬಂದರು. ಬಾಗಿಲು ತೆರೆಯಲಿಲ್ಲ. ಕಾಫಿಗೆ ಕೆನೆ ಕಟ್ಟಿತು.

ನಮ್ಮ ಮದುವೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಆಯಿತು. ಅತ್ತೆ ಬರಲಿಲ್ಲ. ಸಹಿ ಮಾಡುವಾಗಲೂ ಬಾಗಿಲ ಕಡೆಗೇ ನೋಡುತ್ತಿದ್ದೆ. ಅವರು ಆ ಮನೆ ಬಿಟ್ಟು ಹೋಗಲೂ ಇಲ್ಲ, ಅಪ್ಪನ ಜೊತೆ ಮಾತಾಡಲೂ ಇಲ್ಲ. ಅಪ್ಪ ಅನ್ನ ಬೇಯಿಸಲು ಕಲಿತರು, ಸಾರು ಕಲಿತರು, ಕಾಫಿ ಮಾತ್ರ ಕಲಿಯಲಿಲ್ಲ. ಒಂದೇ ಸಲ ಎಂಬ ನಿಯಮದವರು ಪ್ರತಿ ಸಂಜೆ ಆ ಬಾಗಿಲ ಮುಂದೆ ಲೋಟ ಇಟ್ಟು ಬರುತ್ತಿದ್ದರು. ಪ್ರತಿ ಸಂಜೆ ಅದು ಹಾಗೇ ವಾಪಸಾಗುತ್ತಿತ್ತು. ಫೋನಿನಲ್ಲಿ ಕೇಳಿದರೆ, "ಇವತ್ತೂ ನಿಲ್ಲಲಿಲ್ಲ," ಎನ್ನುತ್ತಿದ್ದರು.

ಮುಂದಿನ ಗಾಳಿಯ ಸೀಸನ್ ಮುಗಿದು ನಾವಿಬ್ಬರೂ ಗುಡ್ಡದಿಂದ ಇಳಿದು ಬಂದ ದಿನ ಅಪ್ಪ ಒಲೆಯ ಮುಂದೆ ಕರವಸ್ತ್ರ ಹಿಡಿದು ನಿಂತಿದ್ದರು. ಹಿಂದಿನಿಂದ ಅತ್ತೆ ಬಂದರು. ಇಳಿದುಹೋಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಸರಿಯೋ ಅತ್ತ," ಎಂದರು. "ಈ ದರಿದ್ರ ವಾಸನೆ ಇನ್ನು ತಡ್ಕೊಳ್ಳೋಕಾಗಲ್ಲ ನನ್ನ ಕೈಲಿ."

ಅಪ್ಪ ಸರಿದು ನಿಂತರು. ಅತ್ತೆ ಫಿಲ್ಟರನ್ನು ಜೋಡಿಸಿದರು, ಡಿಕಾಕ್ಷನ್ ಇಳಿಸಿದರು, ಹಾಲು ಉಕ್ಕಿಸಿದರು. ತಟ್ಟೆ ಹಿಡಿದು ನಡುಮನೆಗೆ ಬಂದರು. ನನಗೊಂದು ಸ್ಟೀಲ್ ಲೋಟ. ಅವನ ಮುಖ ನೋಡದೆ, ಆದರೆ ಕೈಗೇ, ಒಂದು ಸ್ಟೀಲ್ ಲೋಟ. "ಬಿಸಿ ಇದೆ," ಎಂದರು. ತಮಗೊಂದು ಸ್ಟೀಲ್ ಲೋಟ. ಆಮೇಲೆ, ಆ ಗಾಜಿನ ಲೋಟವನ್ನು ಟೀಪಾಯಿಯ ತುದಿಯಲ್ಲಿ, ತಮ್ಮ ತಮ್ಮನ ಮುಂದೆ ಟಕ್ಕೆಂದು ಇಟ್ಟರು.

ಅವತ್ತಿನಿಂದ ಅಪ್ಪನಿಗೆ ಅದೇ ಲೋಟ. ಅಳಿಯನಿಗೆ ಬೆಳ್ಳಿ ಲೋಟ ಬಂದ ಮೇಲೂ, ನನ್ನ ಮಗಳು ಹುಟ್ಟಿ ಅತ್ತೆಯ ತೊಡೆಯ ಮೇಲೇ ಬೆಳೆದ ಮೇಲೂ ಅತ್ತೆ ಅದನ್ನು ಬದಲಿಸಲಿಲ್ಲ. ಒಮ್ಮೆ ನನಗೆ ತಡೆಯಲಾಗದೆ, "ಬೇರೆ ಲೋಟ ತರ್ತೀನಿ ಕೊಡಪ್ಪ," ಎಂದು ಕೈಚಾಚಿದೆ.

"ಮುಟ್ಟಬೇಡ," ಎಂದರು. "ಸಿಸ್ಟಂ ಸ್ಟೇಬಲ್ ಆಗಿದೆ."

ತಳದವರೆಗೂ ಕುಡಿದು, ಕುರ್ಚಿಯಿಂದ ತಾವೇ ಎದ್ದು, ಲೋಟ ತೊಳೆದಿಟ್ಟು ಬಂದರು.